ತಣ್ಣಗಿನ ತಗಡಿನ ಮೇಲೆ ಮೂವತ್ತಾರು ಡಿಗ್ರಿ

ಮೊದಲೇ ಹೇಳಿಬಿಡುತ್ತೇನೆ, ಇಂಥ ಸಂಗತಿಗಳನ್ನು ನಾನು ನಂಬಿದವನಲ್ಲ. ನಂಬದೆ ಇರುವುದು ನನ್ನ ಕಸುಬಿನ ಒಂದು ಭಾಗವೇ ಆಗಿತ್ತು. ಪುಣೆಯ ಮರಾಠಿ ದಿನಪತ್ರಿಕೆಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ವರದಿಗಾರನಾಗಿದ್ದೇನೆ. ಸದಾಶಿವ ಪೇಠದ ಹಳೆಯ ವಾಡೆಯೊಂದರಲ್ಲಿ ಮುಸ್ಸಂಜೆ ಗೆಜ್ಜೆ ಸದ್ದು ಕೇಳುತ್ತದೆ ಎಂಬ ಸುದ್ದಿ ಹಬ್ಬಿದಾಗ ಹೋಗಿ ನೋಡಿದವನು ನಾನು. ಪಕ್ಕದ ಕೋಚಿಂಗ್ ಕ್ಲಾಸಿನ ಫ್ಯಾನಿನ ಸ್ಕ್ರೂ ಸಡಿಲವಾಗಿತ್ತು. ಒಬ್ಬರ ಫ್ಲ್ಯಾಟಿನ ಗೋಡೆಯ ಮೇಲೆ ಸತ್ತ ಅಜ್ಜನ ಮುಖ ಮೂಡಿದೆ ಎಂದಾಗಲೂ ಹೋಗಿದ್ದೆ. ಮೇಲಿನ ಮನೆಯ ಬಚ್ಚಲ ಪೈಪು ಸೋರುತ್ತಿತ್ತು. ಎರಡನ್ನೂ ಬರೆದೆ, ಓದುಗರು ನಕ್ಕರು, ನಾನೂ ನಕ್ಕೆ.

ಈಗ ಬರೆಯುತ್ತಿರುವುದನ್ನು ನನ್ನ ಪತ್ರಿಕೆಯಲ್ಲಿ ಬರೆದಿಲ್ಲ. ಬರೆಯಲು ಹೋಗಿದ್ದರೆ ನಾನೇ ತಿದ್ದಿ ಕಸದ ಬುಟ್ಟಿಗೆ ಹಾಕುತ್ತಿದ್ದೆ. ಕನ್ನಡ ನನ್ನ ಮನೆಯ ಭಾಷೆ, ಇದರಲ್ಲಿ ನನ್ನ ಮೇಲೆ ಸಂಪಾದಕರಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ. ಉಳಿದದ್ದನ್ನು ನೀವು ಏನು ಬೇಕಾದರೂ ಅಂದುಕೊಳ್ಳಿ.

ಇದಕ್ಕೆ ಬಸವರಾಜನಿಂದ ಶುರುಮಾಡಬೇಕು. ಅವನು ವಿಜಯಪುರದ ಕಡೆಯವನು, ಎಲ್ಲರಿಗೂ ಬಸು. ಚಿಂಚವಾಡದಲ್ಲಿ ರೈಲ್ವೆ ಹಳಿಯ ಪಕ್ಕ ಒಂದು ಸಣ್ಣ ಅಂಗಡಿ ಇಟ್ಟುಕೊಂಡು ಕಾರ್ಖಾನೆಗಳ ಅಳತೆಯ ಉಪಕರಣಗಳನ್ನು ರಿಪೇರಿ ಮಾಡುತ್ತಿದ್ದ. ಆ ಭಾಗದ ಕಾರ್ಖಾನೆಗಳ ಮೇಂಟೆನೆನ್ಸ್‌ನವರು ಕೈಯಲ್ಲಿ ಹಿಡಿಯುವ ಥರ್ಮಲ್ ಕ್ಯಾಮೆರಾ ಬಳಸುತ್ತಾರೆ. ಅದು ಬೆಳಕನ್ನಲ್ಲ, ಶಾಖವನ್ನು ನೋಡುವ ಯಂತ್ರ. ಯಾವ ಬೇರಿಂಗ್ ಕಾದಿದೆ, ಎಲೆಕ್ಟ್ರಿಕ್ ಪ್ಯಾನೆಲಿನಲ್ಲಿ ಯಾವ ತಂತಿ ಸಡಿಲವಾಗಿ ಬಿಸಿಯಾಗಿದೆ ಎಂಬುದು ಅದರ ಪರದೆಯ ಮೇಲೆ ಬಣ್ಣವಾಗಿ ಕಾಣುತ್ತದೆ. ತಣ್ಣಗಿನದು ನೀಲಿ, ಬಿಸಿಯದು ಕೇಸರಿ ಅಥವಾ ಹಳದಿ.

ಇಂಥ ಕ್ಯಾಮೆರಾಗಳಲ್ಲಿ ಅಗ್ಗದ್ದು, ದುಬಾರಿಯದು ಎಂದು ಎರಡು ತರಹ ಬರುತ್ತವೆ. ಅಗ್ಗದ್ದರಲ್ಲಿ ಚಿತ್ರ ಮಸುಕು, ದುಬಾರಿಯದರಲ್ಲಿ ಚೊಕ್ಕ. ಒಂದು ದಿನ ಎರಡನ್ನೂ ಬಿಚ್ಚಿ ನೋಡಿದಾಗ ಬಸುವಿಗೆ ಗೊತ್ತಾದದ್ದು, ಒಳಗಿನ ಕಣ್ಣು ಒಂದೇ. ಅಗ್ಗದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಚುಕ್ಕಿಗಳನ್ನು ಕಂಪನಿಯವರು ಸಾಫ್ಟ್‌ವೇರಿನಲ್ಲೇ ಮುಚ್ಚಿಟ್ಟಿದ್ದರು. ಕ್ಯಾಮೆರಾವನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಒಳಗಿನ ಒಂದು ಕಡತವನ್ನು ಬದಲಿಸಿ, ಮತ್ತೆ ಚಾಲೂ ಮಾಡಿದರೆ ಮುಚ್ಚಿದ ಕಣ್ಣು ಪೂರ್ತಿ ತೆರೆಯುತ್ತಿತ್ತು. ಫಿಟರುಗಳು, ವೈರಮನ್‌ಗಳು ಊಟದ ಬಿಡುವಿನಲ್ಲಿ ತಮ್ಮ ಕ್ಯಾಮೆರಾಗಳನ್ನು ಡಬ್ಬಿಯ ಚೀಲದಲ್ಲಿಟ್ಟು ಅವನ ಬಳಿ ತರುತ್ತಿದ್ದರು.

ನಾನು ಅವನನ್ನು ಮೊದಲು ಕಂಡದ್ದು ಅದರ ಬಗ್ಗೆ ವರದಿ ಮಾಡಲು. ಇದು ಸರಿಯೇ ಎಂದು ಕೇಳಿದ್ದಕ್ಕೆ ಅವನು ಸೋಲ್ಡರಿಂಗ್ ಕಡ್ಡಿಯನ್ನು ಕೆಳಗಿಡದೆ ಹೇಳಿದ, “ಸರ್, ಮನಿ ಮಾರ್ಯಾರ, ಒಂದು ಖೋಲಿಗೆ ಮಾತ್ರ ಕೀಲಿ ಹಾಕ್ಕೊಂಡು ಹೋಗ್ಯಾರ. ಖೋಲಿ ನಂದ, ಕೀಲಿ ಅವರದು. ನಾ ಕೀಲಿ ತಗದೀನಿ. ಕಳವು ಯಾರು ಮಾಡಿದ್ರು ನೀವ ಹೇಳ್ರಿ.” ಹೆಸರು ಹಾಕದೆ ಬರೆದೆ. ಕಂಪನಿಯ ಪ್ರತಿಕ್ರಿಯೆಯನ್ನೂ ಹಾಕಿದೆ. ಎರಡೂ ಕಡೆಯವರ ಮಾತು ಇರಬೇಕು ಎಂಬುದು ನಮ್ಮಲ್ಲಿ ನಿಯಮ. ಇನ್ನೊಂದು ನಿಯಮವೂ ಇದೆ. ಯಾವ ಸಂಗತಿಯನ್ನಾದರೂ ಇಬ್ಬರು ಬೇರೆ ಬೇರೆಯಾಗಿ ಖಚಿತಪಡಿಸದ ಹೊರತು ಅಚ್ಚಿಗೆ ಕಳಿಸಬಾರದು. ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆ ಇದನ್ನು ಕಲಿಸುತ್ತಿದ್ದವನು ನಾನೇ.

ಅದಾಗಿ ಒಂದು ವರ್ಷವಾಗಿರಬಹುದು. ಮಳೆಗಾಲ. ನಾಲ್ಕು ದಿನ ಬಿಡದೆ ಸುರಿದಿತ್ತು. ಕಾತ್ರಜದ ಆಚೆ, ಗುಡ್ಡದ ಬದಿಯಲ್ಲಿ, ಒಂದು ಹೌಸಿಂಗ್ ಸೊಸೈಟಿಯ ಕಲ್ಲಿನ ಕಾಂಪೌಂಡು ಗೋಡೆ ಸಂಜೆ ಐದರ ಹೊತ್ತಿಗೆ ಕುಸಿಯಿತು. ಗೋಡೆಯ ಕೆಳಗಿನ ಜಾಗದಲ್ಲಿ ಹೊಸ ಕಟ್ಟಡವೊಂದು ಏಳುತ್ತಿತ್ತು. ಅದರ ಕೂಲಿಯವರಿಗೆ ಗೋಡೆಗೆ ಒರಗಿಸಿ ತಗಡಿನ ಶೆಡ್ಡುಗಳನ್ನು ಹಾಕಿಕೊಟ್ಟಿದ್ದರು. ಗೋಡೆಯೂ ಅದರ ಹಿಂದಿನ ಮಣ್ಣೂ ಆ ಶೆಡ್ಡುಗಳ ಮೇಲೆ ಬಿದ್ದವು.

ನಾನು ಹೋದಾಗ ಆರೂಕಾಲು. ಕೂಲಿಯವರೆಲ್ಲ ಯಾದಗಿರಿಯ ಕಡೆಯವರು. ಅವರನ್ನು ಕರೆತಂದ ಮುಕಾದಮ ಹಾಜರಿ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. ಅದರಲ್ಲಿ ಹನ್ನೊಂದು ಹೆಸರಿದ್ದವು. ಎಂಟು ಗಂಟೆಯ ಹೊತ್ತಿಗೆ ಮೂವರ ಹೆಣ ಸಿಕ್ಕಿದವು. ಉಳಿದ ಎಂಟು ಮಂದಿ, ಕೆಲವರು ಗಾಯವಾಗಿ, ಕೆಲವರು ಹೊರಗೆ ಹೋಗಿದ್ದರಿಂದ, ಬದುಕಿದ್ದರು. ಮೂರು ಮತ್ತು ಎಂಟು ಹನ್ನೊಂದು. ಲೆಕ್ಕ ಸರಿಹೋಯಿತು ಎಂದು ಅಗ್ನಿಶಾಮಕ ದಳದ ಅಧಿಕಾರಿ ಹೇಳಿದರು.

ಆಗ ನನ್ನ ತೋಳನ್ನು ಯಾರೋ ಹಿಡಿದರು. ನಾನು ಫೋನಿನಲ್ಲಿ ಮನೆಯವರೊಡನೆ ಕನ್ನಡ ಮಾತನಾಡಿದ್ದನ್ನು ಕೇಳಿ ಬಂದಿದ್ದ. ಹೆಸರು ಮಾನಪ್ಪ, ಮೂವತ್ತರ ಆಸುಪಾಸು. ಗೋಡೆ ಬೀಳುವಾಗ ಚಹಾಪುಡಿ ತರಲು ರಸ್ತೆಗೆ ಹೋಗಿದ್ದನಂತೆ, ಪುಡಿಯ ಪೊಟ್ಟಣ ಇನ್ನೂ ಕೈಯಲ್ಲೇ ಇತ್ತು.

“ಸಾಹೇಬ್ರ, ನನ್ನ ಹೇಣ್ತಿ ಒಳಗ ಅದಾಳ್ರಿ. ಯಾರೂ ಕೇಳವಲ್ರು. ನಿಂಗಮ್ಮ ಅಂತ. ಬಂದು ಎರಡು ದಿನ ಆಗಿತ್ತು, ಅಕೀ ಹೆಸರು ಬುಕ್ಕಿನಾಗ ಹಚ್ಚಿಲ್ಲ.”

ಮುಕಾದಮನನ್ನು ಕೇಳಿದೆ. ಅವನು ನನ್ನ ಮುಖ ನೋಡಿಯೇ ಹೇಳಿದ, ಆ ಹೆಂಗಸು ಮಧ್ಯಾಹ್ನವೇ ಕಾತ್ರಜದಿಂದ ಊರಿನ ಬಸ್ಸು ಹತ್ತಿದ್ದಾಳೆ, ಗಂಡ ಹೆಂಡಿರ ಜಗಳ, ಇವನಿಗೆ ತಲೆ ಕೆಟ್ಟಿದೆ. ಮಾನಪ್ಪ ಅವನ ಮೇಲೇ ಏರಿ ಹೋದ. “ಬಸ್ಸಂದ್ರ ವಾಂತಿ ಮಾಡ್ಕೋತಾಳೋ ಅಕಿ! ಬರೂವಾಗ ಸೋಲಾಪುರ ತನಕ ನನ್ನ ತೊಡಿಮ್ಯಾಲೆ ತಲಿ ಇಟ್ಟು ಬಂದಾಳ, ಒಬ್ಬಾಕಿನ ಹತ್ತಿ ಹೋದ್ಳೇನು?” ಪೊಲೀಸರು ಅವನನ್ನು ಎಳೆದುಕೊಂಡು ಹೋಗಿ ಜೀಪಿನಲ್ಲಿ ಕೂರಿಸಿದರು. ಗದ್ದಲ ಮಾಡಿದನೆಂದು ಆ ರಾತ್ರಿ ಠಾಣೆಯಲ್ಲೇ ಇಟ್ಟುಕೊಂಡರು.

ಅಧಿಕಾರಿಯನ್ನು ಕೇಳಿದೆ. ಅವರಿಗೆ ಮುಕಾದಮನ ಪುಸ್ತಕವೇ ಆಧಾರ. ಇಬ್ಬರು ಇಲ್ಲವೆಂದರು, ಒಬ್ಬ ಇದ್ದಾಳೆಂದ. ಅವನು ಗಂಡ, ಅದೂ ಆ ಸ್ಥಿತಿಯಲ್ಲಿ. ನಾನು ಇಪ್ಪತ್ತು ವರ್ಷ ಮಾಡಿದ್ದನ್ನೇ ಮಾಡಿದೆ. “ಹನ್ನೊಂದು ಕಾರ್ಮಿಕರೂ ಪತ್ತೆ, ಶೋಧ ಕಾರ್ಯ ಮುಕ್ತಾಯ” ಎಂದು ಬರೆದು ಕಳಿಸಿದೆ. ನಿಂಗಮ್ಮನ ಹೆಸರು ಎಲ್ಲಿಯೂ ಇಲ್ಲ.

ಮನೆಗೆ ಹೋದೆ, ಊಟ ಮಾಡಿದೆ, ಮಲಗಿದೆ. ಬೆಳಗಿನ ಜಾವ ಎಚ್ಚರವಾದಾಗ ಆ ವಾಂತಿಯ ಮಾತು ತಲೆಯಲ್ಲಿತ್ತು. ಸುಳ್ಳು ಹೇಳುವವನು ಅಂಥ ಮಾತು ಹುಡುಕಲಾರ. ಬಸುವಿಗೆ ಫೋನು ಮಾಡಿದೆ. ಅಗ್ನಿಶಾಮಕದವರ ಬಳಿಯಿದ್ದ ಶಾಖ ನೋಡುವ ಯಂತ್ರ ಹಿಂದಿನ ದಿನವೇ ಬೇರೆ ಕಡೆಗೆ ಹೋಗಿತ್ತು. ಬಸು ಒಂದು ಮಾತೂ ಕೇಳದೆ ಸ್ಕೂಟರಿನಲ್ಲಿ ಚಿಂಚವಾಡದಿಂದ ಕಾತ್ರಜಕ್ಕೆ ಮಳೆಯಲ್ಲೇ ಬಂದ. ತಾನೇ ಕಣ್ಣು ತೆರೆಸಿದ್ದ ಒಂದು ಅಗ್ಗದ ಕ್ಯಾಮೆರಾವನ್ನು ಅಂಗಿಯೊಳಗೆ ಇಟ್ಟುಕೊಂಡಿದ್ದ.

ಬೆಳಿಗ್ಗೆ ಆರೂವರೆ ದಾಟಿತ್ತು. ಬೆಳಕು ಹರಿದಿತ್ತು, ಸೂರ್ಯನಿರಲಿಲ್ಲ. ಹೀಗಿದ್ದರೇ ಒಳ್ಳೆಯದು, ಬಿಸಿಲು ಬಿದ್ದರೆ ಕಲ್ಲೆಲ್ಲ ಕಾದು ಏನೂ ತಿಳಿಯುವುದಿಲ್ಲ ಎಂದ ಬಸು. ಕಾವಲಿಗೆ ಇಬ್ಬರು ಪೇದೆಗಳಿದ್ದರು. ಹಿಂದಿನ ದಿನದ ಪರಿಚಯದಿಂದ ನಮ್ಮನ್ನು ರಾಶಿಯ ಅಂಚಿನವರೆಗೆ ಬಿಟ್ಟರು. ಬಸು ಒಂದು ಮಾತು ಮೊದಲೇ ಹೇಳಿದ, “ಸರ್, ಇದು ಗ್ವಾಡಿ ದಾಟಿ ಒಳಗಿಂದು ತೋರ್ಸೂದಿಲ್ಲ. ಮ್ಯಾಲಿನ ಶಾಖ ಅಷ್ಟೇ. ಸಿನೆಮಾದಾಗ ತೋರಿಸ್ತಾರಲ್ಲ, ಅದೆಲ್ಲ ಸುಳ್ಳು.”

ರಾಶಿಯನ್ನು ಎಡದಿಂದ ಬಲಕ್ಕೆ ನೋಡುತ್ತ ಹೋದ. ಎಲ್ಲ ನೀಲಿ. ಒಂದು ನಾಯಿ ಮಾತ್ರ ಹಳದಿಯಾಗಿ ಓಡಿತು. ಬಲತುದಿಯಲ್ಲಿ ಅರ್ಧ ಹೂತ ಒಂದು ತಗಡು ಓರೆಯಾಗಿ ನಿಂತಿತ್ತು. ಅಲ್ಲಿಗೆ ಬಂದಾಗ ಅವನ ಕೈ ನಿಂತಿತು. ನನಗೆ ಪರದೆ ತೋರಿಸಿದ.

ತಗಡಿನ ಮೇಲೆ ಒಬ್ಬರು ಕೂತಿದ್ದರು. ಬೇರೆ ಶಬ್ದ ನನ್ನಲ್ಲಿಲ್ಲ. ತಗಡಿನ ನೀಲಿಯಲ್ಲಿ ಕೇಸರಿ ಬಣ್ಣದ ಒಂದು ಆಕೃತಿ. ಒಂದು ಮೊಣಕಾಲು ಮೇಲೆತ್ತಿ, ಅದರ ಮೇಲೆ ಗದ್ದ ಊರಿ, ಒಂದು ಕೈಯನ್ನು ತಲೆಯ ಮೇಲಿಟ್ಟುಕೊಂಡು ಕೂತಂತೆ. ತಲೆಯ ಹಿಂದೆ ತುರುಬಿನ ಗುಂಡು ಸ್ಪಷ್ಟವಾಗಿತ್ತು. ಕಣ್ಣೆತ್ತಿ ನೋಡಿದರೆ ಬರಿಯ ಒದ್ದೆ ತಗಡು, ಅದರ ಮೇಲೆ ಹರಿಯುವ ನೀರು. ಪರದೆ ನೋಡಿದರೆ ಅವಳು. ಮೂಲೆಯಲ್ಲಿ ಅಂಕಿ ಮೂವತ್ತಾರು ಪಾಯಿಂಟ್ ಎರಡು ಡಿಗ್ರಿ. ಬಸು ಚಿತ್ರ ತೆಗೆದ. ಆರು ಗಂಟೆ ಐವತ್ತೆರಡು ನಿಮಿಷ.

ನನಗೆ ಆಗ ಭಯವಾಗಲಿಲ್ಲ. ಪರೀಕ್ಷೆ ಮಾಡಬೇಕು ಎನಿಸಿತು. ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸು ಎಂದೆ. ಹಿಂದೆ ನೋಡಿದ ಯಾವುದೋ ಬಿಸಿ ವಸ್ತುವಿನ ಅಚ್ಚು ಕ್ಯಾಮೆರಾದ ಕಣ್ಣಿನಲ್ಲಿ ಉಳಿದಿದ್ದರೆ, ತಿರುಗಿಸಿದ ಕಡೆಗೆಲ್ಲ ಅದೂ ಬರಬೇಕಿತ್ತು. ಬರಲಿಲ್ಲ. ಆಕೃತಿ ತಗಡಿನ ಮೇಲೇ ಉಳಿಯಿತು. ತಗಡು ಕನ್ನಡಿಯಂತೆ ನಮ್ಮದೇ ಶಾಖವನ್ನು ತೋರಿಸುತ್ತಿರಬಹುದೆಂದು ಇಬ್ಬರೂ ಆಚೀಚೆ ಸರಿದೆವು. ಅದು ಸರಿಯಲಿಲ್ಲ. ಮೇಲಾಗಿ ನಾವು ನಿಂತಿದ್ದೆವು, ಅದು ಕೂತಿತ್ತು. ಕೊನೆಗೆ ನಾನು ಮುಂದೆ ಹೋಗಿ, ಬಸು ಹೇಳಿದ ಜಾಗದಲ್ಲಿ, ಅವಳ ಹೆಗಲಿರುವಲ್ಲಿ ಅಂಗೈ ಇಟ್ಟೆ. ತಗಡು ಮಳೆನೀರಿನಷ್ಟೇ ತಣ್ಣಗಿತ್ತು. ಕೈ ತೆಗೆದಾಗ ಪರದೆಯ ಮೇಲೆ ನನ್ನ ಅಂಗೈಯ ಗುರುತು ಒಂದೆರಡು ಕ್ಷಣ ಮೂಡಿ, ನೀರಿಗೆ ಆರಿಹೋಯಿತು. ಶಾಖ ಇರಬೇಕಾದದ್ದು ಹಾಗೆ. ಅವಳದು ಆರಲಿಲ್ಲ.

ಬಸುವಿನ ಮುಖ ಬಿಳಿಚಿತ್ತು. “ಸರ್, ಒಳಗ ಇದ್ರ ತಗಡು ಬಿಸಿ ಇರಬೇಕು. ತಗಡು ತಣ್ಣಗಿದ್ರ ಇದು ಇರಬಾರ್ದು,” ಎಂದ. ಆಮೇಲೆ, “ಏನರ ಇರ್ಲಿ, ಮೊದ್ಲ ತಗಸ್ರಿ,” ಎಂದ.

ಉಳಿದಿದ್ದ ಕೂಲಿಯವರಲ್ಲಿ ನಾಲ್ವರು ನಮ್ಮನ್ನು ನೋಡಿ ಓಡಿಬಂದು ಕೈಯಿಂದಲೇ ಕಲ್ಲು ಎಳೆಯತೊಡಗಿದರು. ಪೇದೆಗಳು ಬೆತ್ತ ಎತ್ತಿದರು. ಗೋಡೆಯ ಉಳಿದ ಭಾಗ ಬಾಗಿ ನಿಂತಿತ್ತು, ಕೆಳಗಿನ ಕಲ್ಲು ತೆಗೆದರೆ ಅದೂ ಬೀಳುವಂತಿತ್ತು. ಅಧಿಕಾರಿ ಬರುವ ತನಕ ಯಾರೂ ಮುಟ್ಟಬೇಡಿ ಎಂದರು. ಅದು ಸುಳ್ಳು ನೆಪವೇನೂ ಅಲ್ಲ ಎಂಬುದನ್ನು ಇಲ್ಲಿ ಬರೆಯಬೇಕು. ಏಳೂ ಹತ್ತಕ್ಕೆ ಇನ್ನೊಂದು ಚಿತ್ರ ತೆಗೆದೆವು. ಮೂವತ್ತೈದು ಪಾಯಿಂಟ್ ಎಂಟು.

ಅಧಿಕಾರಿ ಏಳೂವರೆಗೆ ಬಂದರು. ರಾತ್ರಿಯೆಲ್ಲ ಬೇರೆ ಬೇರೆ ಕಡೆ ತಿರುಗಿ ಕಣ್ಣು ಕೆಂಪಾಗಿದ್ದವು. ಪರದೆಯನ್ನು ನೋಡಿದರು. ಆಮೇಲೆ ಕ್ಯಾಮೆರಾವನ್ನು ತಿರುಗಿಸಿ ಕೆಳಗಿನ ಚೀಟಿ ಓದಿದರು. ಅವರು ಮೊದಲು ಕಾರ್ಖಾನೆಗಳ ಅಗ್ನಿ ತಪಾಸಣೆಯಲ್ಲಿದ್ದವರು, ಯಾವ ಮಾಡೆಲ್ ಎಷ್ಟು ತೋರಿಸುತ್ತದೆಂದು ಗೊತ್ತಿತ್ತು.

“ಈ ಮಾಡೆಲ್‌ನಲ್ಲಿ ಇಷ್ಟು ಚೊಕ್ಕ ಚಿತ್ರ ಬರುವುದಿಲ್ಲವಲ್ಲ?” ಎಂದು ಮರಾಠಿಯಲ್ಲಿ ಕೇಳಿದರು.

ಬಸು ಬಾಯಿ ಬಿಡುವ ಮೊದಲೇ ಅವರಿಗೆ ಅರ್ಥವಾಯಿತು. “ಒಳಗೆ ಏನೋ ಕಿತಾಪತಿ ಮಾಡಿದ್ದೀಯ. ಕಂಪನಿ ಕೊಟ್ಟಾಗ ಹೇಗಿತ್ತೋ ಹಾಗೆ ತೋರಿಸು.”

ಬೇಕೆಂದಾಗ ಹಳೆಯ ರೂಪಕ್ಕೆ ಮರಳುವ ಒಂದು ಆಯ್ಕೆಯನ್ನು ಬಸು ಇಟ್ಟಿದ್ದ. ಗುಂಡಿ ಒತ್ತಿದ. ಚಿತ್ರ ಮಸುಕಾಯಿತು. ತಗಡು ನೀಲಿ, ಪೂರ್ತಿ ನೀಲಿ. ಏನೂ ಇಲ್ಲ.

ಬಸು ಪರದೆಯನ್ನು ಅಂಗಿಯಿಂದ ಒರೆಸಿದ. ಮತ್ತೆ ಹಿಡಿದ. “ಹಿಂಗಾಗಾಕ ಸಾಧ್ಯ ಇಲ್ರೀ ಸಾಹೇಬ. ಚುಕ್ಕಿ ಕಡಿಮಿ ಆದ್ರ ಆಕಾರ ಹೋಗ್ತದ, ಬಿಸಿ ಎಲ್ಲಿಗೆ ಹೋಗ್ತದ? ಒಂದು ಕೆಂಪು ಕಲಿಯಾದ್ರೂ ಕಾಣಬೇಕು,” ಎಂದು ಕನ್ನಡದಲ್ಲೇ ಅಂದುಬಿಟ್ಟ. ಗಾಬರಿಯಲ್ಲಿ ಮರಾಠಿ ಮರೆತಿದ್ದ. ನಾನು ಅನುವಾದಿಸಿದೆ. ಅಧಿಕಾರಿ ತಲೆಯಾಡಿಸಿದರು. ಕಂಪನಿಯ ರೀತಿಯಲ್ಲಿ ಕಾಣದ್ದು ಕೆಡಿಸಿದ ರೀತಿಯಲ್ಲಿ ಕಂಡರೆ ಅದು ಯಂತ್ರದ ದೋಷ, ಅದನ್ನು ನಂಬಿ ನನ್ನ ಜನರನ್ನು ಬಾಗಿದ ಗೋಡೆಯ ಕೆಳಗೆ ಕಳಿಸಲಾರೆ ಎಂದರು.

ನಾನು ಒಬ್ಬ ಹೆಂಗಸು ಕಾಣೆಯಾಗಿದ್ದಾಳೆ ಎಂದೆ. ಅವರು ಜೇಬಿನಿಂದ ಫೋನು ತೆಗೆದು ನನ್ನ ಮುಂದೆ ಹಿಡಿದರು. ಅಂದಿನ ನಮ್ಮ ಪತ್ರಿಕೆ. ಹನ್ನೊಂದು ಕಾರ್ಮಿಕರೂ ಪತ್ತೆ, ಶೋಧ ಕಾರ್ಯ ಮುಕ್ತಾಯ. ಕೆಳಗೆ ನನ್ನ ಹೆಸರು.

“ಇದು ನೀವೇ ಬರೆದದ್ದಲ್ಲವೇ? ಮೇಲಿನವರು ಬೆಳಿಗ್ಗೆ ಇದನ್ನೇ ಓದಿ ತಂಡವನ್ನು ಬೇರೆ ಕಡೆಗೆ ಕಳಿಸಿದ್ದಾರೆ. ಈಗ ನಾನು ಏನೆಂದು ವಾಪಸು ಕರೆಸಲಿ?”

ಅವರು ವ್ಯಂಗ್ಯವಾಡಲಿಲ್ಲ. ನಿಜವಾಗಿಯೂ ಕೇಳಿದರು. ನನ್ನ ಆಧಾರ ಅವರಾಗಿದ್ದರು, ಅವರ ಆಧಾರ ನಾನಾಗಿದ್ದೆ.

ಅವರು ಆಚೆ ಹೋದ ಮೇಲೆ ಬಸು ಕ್ಯಾಮೆರಾವನ್ನು ಮತ್ತೆ ತೆರೆದ ರೂಪಕ್ಕೆ ತಂದ. ಅವಳು ಅಲ್ಲೇ ಇದ್ದಳು. ಅದೇ ಮೊಣಕಾಲು, ಅದೇ ಕೈ. ಬಣ್ಣ ಮಾತ್ರ ಕೇಸರಿಯಿಂದ ಇಟ್ಟಿಗೆ ಬಣ್ಣಕ್ಕೆ ಇಳಿದಿತ್ತು.

ನಾನು ಕಚೇರಿಗೆ ಫೋನು ಮಾಡಿದೆ. ಒಬ್ಬ ಮಹಿಳೆ ಅವಶೇಷದಡಿ ಸಿಲುಕಿರಬಹುದು, ನನ್ನ ವರದಿಯಲ್ಲಿ ತಪ್ಪಾಗಿದೆ ಎಂದು ಈಗಲೇ ವೆಬ್‌ಸೈಟಿನಲ್ಲಿ ಹಾಕು ಎಂದೆ. ಡೆಸ್ಕಿನಲ್ಲಿದ್ದವನು ನನ್ನ ಕೈಯಲ್ಲೇ ತಯಾರಾದವನು. ಯಾರು ಹೇಳಿದರು ಎಂದ. ಗಂಡ ಮತ್ತು ಒಂದು ಕ್ಯಾಮೆರಾ ಎಂದೆ. ಅಧಿಕೃತ ಕ್ಯಾಮೆರಾನಾ ಎಂದ. ಅಲ್ಲ ಎಂದೆ. “ಸರ್, ಎರಡನೇ ಮೂಲ ಯಾವುದು?” ಎಂದು ವಿನಯದಿಂದ ಕೇಳಿದ. ನಾನು ಫೋನು ಇಟ್ಟೆ.

ಆಮೇಲೆ ಯಾರ್ಯಾರಿಗೋ ಫೋನು ಮಾಡಿದೆ. ನೋಡುತ್ತೇವೆ ಎಂದರು. ಎಂಟೂ ಐದಕ್ಕೆ ಬಸು ಮೂರನೆಯ ಚಿತ್ರ ತೆಗೆದ. ಮೂವತ್ತಮೂರು. ಆಮೇಲೆ ಅವನು ಕ್ಯಾಮೆರಾ ಇಳಿಸಲೇ ಇಲ್ಲ. ಇಟ್ಟಿಗೆ ಬಣ್ಣ ನೇರಳೆಯಾಯಿತು, ನೇರಳೆ ಕಡುನೀಲಿಯಾಯಿತು. ಮೊದಲು ಕಾಲು ಹೋಯಿತು, ಆಮೇಲೆ ತಲೆಯ ಮೇಲಿನ ಕೈ. ಒಂಬತ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ತಗಡಿನ ಮೇಲೆ ಏನೂ ಉಳಿಯಲಿಲ್ಲ. ಬಸು ಅಲ್ಲೇ ಕಲ್ಲಿನ ಮೇಲೆ ಕೂತು ಮಗುವಿನ ಹಾಗೆ ಅತ್ತ.

ಹನ್ನೊಂದು ದಾಟಿದ ಮೇಲೆ ಜೆಸಿಬಿ ಬಂತು. ನಮ್ಮ ಮಾತಿಗೆ ಬಂದದ್ದಲ್ಲ. ಮಣ್ಣು ಸೊಸೈಟಿಯ ಚರಂಡಿಯನ್ನು ಮುಚ್ಚಿತ್ತು, ಮೇಲಿನ ಮನೆಗಳವರ ಪಾರ್ಕಿಂಗಿನಲ್ಲಿ ನೀರು ನಿಂತಿತ್ತು, ಅವರು ಬೆಳಿಗ್ಗೆಯಿಂದ ದೂರು ಕೊಡುತ್ತಿದ್ದರು. ಅದಕ್ಕಾಗಿ ಬಂತು. ಮೊದಲು ಬಾಗಿದ ಗೋಡೆಯನ್ನು ಆಚೆಗೆ ಕೆಡವಿದರು, ಅದಕ್ಕೆ ಕಾಲು ಗಂಟೆ ಸಾಕಾಯಿತು. ಆಮೇಲೆ ಆ ತಗಡನ್ನು ಎತ್ತಿದರು. ಅದರ ನೇರ ಕೆಳಗೆ, ಮೂರು ಅಡಿ ಹಸಿಮಣ್ಣು ಮತ್ತು ಒಂದು ಚಪ್ಪಡಿ ಕಲ್ಲಿನ ಅಡಿಯಲ್ಲಿ, ನಿಂಗಮ್ಮ ಸಿಕ್ಕಳು. ಹನ್ನೊಂದು ಐವತ್ತು. ಅವಳು ಕೂತಿರಲಿಲ್ಲ. ಬೋರಲಾಗಿ ಬಿದ್ದಿದ್ದಳು, ಕಾಲು ನೀಳವಾಗಿ ಚಾಚಿದ್ದವು, ಕೈಗಳೆರಡೂ ಎದೆಯಡಿ ಇದ್ದವು.

ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರನ್ನು ನಾನು ಎರಡು ಸಲ ಕಂಡೆ. ಹಿಂದಿನ ಸಂಜೆ ಗೋಡೆ ಬಿದ್ದಾಗಲೇ ಹೋಗಿದ್ದಾಳೆ, ಎದೆಗೂಡು ಪುಡಿಯಾಗಿದೆ, ಇಂಥ ಗಾಯದಲ್ಲಿ ಒಂದು ನಿಮಿಷವೂ ಉಸಿರಾಡಲು ಆಗದು ಎಂದರು. ತಪ್ಪಿರಬಹುದೇ ಎಂದು ಎರಡನೇ ಸಲ ಕೇಳಿದ್ದಕ್ಕೆ ಸ್ವಲ್ಪ ಸಿಡುಕಿದರು. ಅಂದರೆ ಚಿತ್ರ ತೆಗೆದ ಹೊತ್ತಿಗೆ ಅವಳು ಸತ್ತು ಹದಿನಾಲ್ಕು ತಾಸಿನ ಹತ್ತಿರ. ಮೂರು ಅಡಿ ಹಸಿಮಣ್ಣಿನಿಂದ ಬದುಕಿದ್ದವರ ಶಾಖವೇ ಮೇಲೆ ಬರುವುದಿಲ್ಲ, ಸತ್ತವರದು ಹೇಗೆ ಬಂದೀತು?

ಉಷ್ಣಮಾಪನ ಕಲಿಸುವ ಪ್ರಾಧ್ಯಾಪಕರೊಬ್ಬರಿಗೆ ಮೂರೂ ಚಿತ್ರಗಳನ್ನು ತೋರಿಸಿದೆ. ಒದ್ದೆ ತಗಡಿನ ಪ್ರತಿಫಲನ ಎಂದರು, ಎದುರಿಗೆ ಯಾರೋ ಕೂತಿರಬೇಕು ಎಂದರು. ಎದುರಿಗಿದ್ದದ್ದು ತುಂಬಿ ಹರಿಯುವ ಚರಂಡಿ. ಹಾಗಾದರೆ ಸಾಫ್ಟ್‌ವೇರಿನ ದೋಷ ಎಂದರು. ಒಂದು ದೋಷ ತುರುಬು ಕಟ್ಟಿಕೊಂಡು ಕೂರುತ್ತದೆಯೇ ಎಂದು ಕೇಳಿದ್ದಕ್ಕೆ ಅವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಬಸು ಆ ಕ್ಯಾಮೆರಾವನ್ನು ಮೊದಲಿನಂತೆ ಮಾಡಿ ಕಪಾಟಿನಲ್ಲಿಟ್ಟ. ಈಗಲೂ ಅಂಗಡಿ ಇದೆ. ಈಗ ಮೀಟರು, ಮಾಪಕ ಅಷ್ಟೇ ರಿಪೇರಿ ಮಾಡುತ್ತಾನೆ. ಯಾರಾದರೂ ಥರ್ಮಲ್ ಕ್ಯಾಮೆರಾ ತಂದರೆ, “ಕಂಪನಿ ಎಷ್ಟು ತೋರಿಸ್ತದೋ ಅಷ್ಟ ನೋಡ್ರಿ, ಛಲೋ ಇರ್ತದ,” ಎಂದು ವಾಪಸು ಕಳಿಸುತ್ತಾನೆ.

ಮೂರು ವಾರಗಳ ಮೇಲೆ ಮಾನಪ್ಪ ನನ್ನ ಕಚೇರಿಗೆ ಬಂದ. ಊರಿಗೆ ಹೊರಟಿದ್ದ, ಕೈಯಲ್ಲಿ ಒಂದೇ ಗಂಟು. ಕೂತುಕೊ ಎಂದರೂ ಕೂರಲಿಲ್ಲ. ನೆಲ ಕೆಸರಾದೀತು ಎಂದು ಚಪ್ಪಲಿಯನ್ನು ಮೆಟ್ಟಿಲ ಬಳಿ ಬಿಟ್ಟಿದ್ದ. ಬಸುವಿನಿಂದ ಚಿತ್ರದ ವಿಷಯ ಕೇಳಿದ್ದನಂತೆ.

“ಅಕೀದು ಒಂದೂ ಫೋಟೋ ಇಲ್ರಿ ಸಾಹೇಬ್ರ. ಇದ್ದದ್ದು ಫೋನಿನಾಗ, ಫೋನು ಮಣ್ಣಾಗ ಹೋತು. ಅದನ್ನರ ಕೊಡ್ರಿ.”

ಕೊಡಬಾರದೆಂದು ಅನಿಸಿತ್ತು. ಕೊಡದಿರಲು ಕಾರಣವೂ ಹೊಳೆಯಲಿಲ್ಲ. ಮೊದಲನೆಯ ಚಿತ್ರವನ್ನು ಕಚೇರಿಯ ಯಂತ್ರದಲ್ಲಿ ಅಚ್ಚು ಹಾಕಿಸಿ ಕೊಟ್ಟೆ. ಅದು ಏನೆಂದು ನಾನು ಹೇಳಲಿಲ್ಲ, ಹೇಗೆ ಹಿಡಿಯಬೇಕೆಂದೂ ಹೇಳಲಿಲ್ಲ. ಅವನೇ ಸರಿಯಾಗಿ ತಿರುಗಿಸಿಕೊಂಡ. ಬಹಳ ಹೊತ್ತು ನೋಡಿದ.

“ಹಿಂಗ ಕುಂದರ್ತಿದ್ಲರಿ,” ಎಂದ. “ಒಲಿ ಮುಂದ. ಒಂದು ಮೊಣಕಾಲು ಎತ್ತಿ, ತಲಿಮ್ಯಾಲೆ ಕೈ ಇಟ್ಕೊಂಡು. ಮಂದಿ ಸತ್ತಾಂಗ ಯಾಕ ಕುಂದರ್ತಿ ಅಂತ ನಮ್ಮವ್ವ ಬೈತಿದ್ಲು.” ಬೆರಳನ್ನು ಮೂಲೆಯ ಅಂಕಿಯ ಮೇಲಿಟ್ಟ. “ಇದು ಯಾವಾಗ ತಗದದ್ರಿ?”

ಆರು ಐವತ್ತೆರಡು ಎಂದೆ. ಬೆಳಿಗ್ಗೆ. ಅವನು ಆಗ ಠಾಣೆಯಲ್ಲಿದ್ದ.

“ಹೊರಗ ತಗದದ್ದು ಮಧ್ಯಾಹ್ನಕ್ಕಲ್ರಿ?”

ಹೌದು ಎಂದೆ. ಅವನ ತುಟಿ ಅಲುಗಿದವು, ತಾಸು ಲೆಕ್ಕ ಹಾಕುತ್ತಿದ್ದನೆಂದು ತೋರುತ್ತದೆ. ನನ್ನ ಮೇಲೆ ಕೂಗಲಿ, ಹೊಡೆಯಲಿ ಎಂದು ಕಾದೆ. ಅವನು ಬೇರೆಯೇ ಏನನ್ನೋ ಯೋಚಿಸುತ್ತಿದ್ದ.

“ಊರಿಗೆ ಹೋದಕೂಡ್ಲೆ ನಮ್ಮತ್ತಿ ಕೇಳ್ತಾಳ್ರಿ, ಮಗಳಿಗೆ ಭಾಳ ತ್ರಾಸ ಆತೇನು ಅಂತ. ನೀವು ತಿಳದವರು. ಏನಂತ ಹೇಳ್ಲಿ?”

ನಾನು ಯೋಚಿಸಲಿಲ್ಲ. ತ್ರಾಸವಾಗಲಿಲ್ಲ ಎಂದು ಹೇಳು, ಗೋಡೆ ಬಿದ್ದ ಕ್ಷಣದಲ್ಲೇ ಹೋದಳು, ಡಾಕ್ಟರು ಬರೆದುಕೊಟ್ಟಿದ್ದಾರೆ, ಅವಳಿಗೆ ಏನಾಯಿತೆಂದು ತಿಳಿಯುವ ಮೊದಲೇ ಮುಗಿದಿತ್ತು ಎಂದೆ. ಕಾಗದದಲ್ಲಿ ಹಾಗೆಯೇ ಇದೆ, ನಾನು ಸುಳ್ಳು ಹೇಳಲಿಲ್ಲ. ಆದರೆ ಅದನ್ನು ಹೇಳುವಾಗ ಅದು ನಿಜವಾಗಿರಲಿ ಎಂದು ನಾನು ಎಷ್ಟು ಬಯಸಿದೆನೋ, ಅಷ್ಟು ಯಾವ ಸುದ್ದಿಯ ಬಗ್ಗೆಯೂ ಬಯಸಿದ್ದಿಲ್ಲ.

ಮಾನಪ್ಪ ತಲೆಯಾಡಿಸಿದ. ಚಿತ್ರವನ್ನು ಮಡಚಲು ಹೋದವನು ಮಡಚಲಿಲ್ಲ. ಮತ್ತೊಮ್ಮೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿಸಿ ಹಿಡಿದ.

“ಹಂಗಾದ್ರ ಇದು ಯಾರ್ರಿ ಸಾಹೇಬ್ರ?”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದ ವಿಳಾಸವನ್ನು ದಾರಿಹೋಕರ ಬಳಿ ಕೇಳುವಂತೆ ಕೇಳಿದ. ಸ್ವಲ್ಪ ಹೊತ್ತು ಕಾದು, ಬಸ್ಸಿಗೆ ತಡವಾಗುತ್ತದೆಂದು ಅವನು ಹೋದ.